ಹಕ್ಕಿ ಬಿತ್ತಿದ ಖಾರ

(ಕೈತೋಟದ ಆಸಕ್ತರು ಸೇರಿದ್ದ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಖಾರದ ಬಗ್ಗೆ ಮಾತನಾಡಲು ಕರೆದು ಎದುರಿಗೆ ಮೈಸೂರು ಪಾಕು ಇಟ್ಟಿದ್ದೀರಿ. ಇದು ಮುನ್ನೆಚ್ಚರಿಕೆಯ ಕ್ರಮವೇ ಇರಬೇಕು. ನಾನು ಕೃಷಿ ವಿಜ್ಞಾನಿಯಲ್ಲ, ಅನುಭವಿ ತೋಟಗಾರನೂ ಅಲ್ಲ. ಪತ್ರಿಕೆಯ ಕೆಲಸದ ಮೇಲೆ ಸಂತೆ, ಮಾರುಕಟ್ಟೆಗಳಲ್ಲಿ ಓಡಾಡುವವನು. ಅಲ್ಲಿ ಕೇಳಿದ್ದು, ಬಲ್ಲವರ ಬರಹಗಳಲ್ಲಿ ಓದಿದ್ದು, ಎರಡು ಕುಂಡಗಳಲ್ಲಿ ನೆಟ್ಟು ನೋಡಿದ್ದು ಇಷ್ಟೇ ನನ್ನ ಬಂಡವಾಳ.

ಮಾರುಕಟ್ಟೆಯಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ದೂರು ಒಂದಿದೆ. ‘ಈಗಿನ ಹಸಿಮೆಣಸಿನಕಾಯಿಗೆ ಖಾರವೇ ಇಲ್ಲ. ನೋಡಲು ಉದ್ದ, ನೀಳ, ಮಿರಿಮಿರಿ ಮಿಂಚು. ಎಂಟು ಹಾಕಿದರೂ ಗೊಜ್ಜು ಸಪ್ಪೆ’. ಈ ದೂರಿನಲ್ಲಿ ಹುರುಳಿದೆ. ದೂರದ ಪೇಟೆಗೆ ಸಾಗಿಸುವ ಕಾಯಿಗೆ ಬೇಕಾದದ್ದು ಹೆಚ್ಚು ಇಳುವರಿ, ಒಂದೇ ಅಳತೆ, ಬಾಡದ ಸಿಪ್ಪೆ. ಆ ಗುಣಗಳನ್ನು ನೋಡಿ ತಳಿ ಆರಿಸುವಾಗ ಖಾರಕ್ಕೆ ಹಿಂದಿನ ಬೆಂಚು. ಹೀಗಾಗಿ ನಿಜವಾದ ಖಾರ ಬೇಕೆನ್ನುವವರು ಎರಡು ಪ್ರಶ್ನೆ ಕೇಳುತ್ತಾರೆ. ಅಂಥ ಹಸಿಮೆಣಸು ಎಲ್ಲಿ ಸಿಗುತ್ತದೆ? ಸಿಕ್ಕರೆ ಅದನ್ನು ನಾವೇ ಬೆಳೆಯುವುದು ಹೇಗೆ?

ಉತ್ತರ ನಮ್ಮ ಹಿತ್ತಿಲಲ್ಲೇ ಇದೆ, ಅಥವಾ ಮೊನ್ನೆ ಮೊನ್ನೆಯವರೆಗೂ ಇತ್ತು. ಮಲೆನಾಡು, ಕರಾವಳಿ, ಕೊಡಗಿನಲ್ಲಿ ಬೇಲಿಯ ಬುಡದಲ್ಲಿ ತಾನೇ ಹುಟ್ಟುವ, ಉಗುರಿನಷ್ಟುದ್ದದ, ಮುಗಿಲಿಗೆ ಮುಖ ಮಾಡಿ ನಿಲ್ಲುವ ಕಾಯಿ ಅದು. ಸೂಜಿಮೆಣಸು, ಜೀರಿಗೆಮೆಣಸು, ಗಾಂಧಾರಿ ಮೆಣಸು ಎಂದು ಊರಿಗೊಂದು ಹೆಸರು. ಇಂದಿನ ನನ್ನ ಮಾತೆಲ್ಲ ಈ ಪುಟ್ಟ ಕಾಯಿಯ ಸುತ್ತ.

ಹೆಸರು ಕಸಿದ ಹೊಸಬ

ಬೇಲಿಯಲ್ಲಿ ತಾನೇ ಹುಟ್ಟುವುದರಿಂದ ಇದು ನಮ್ಮ ಕಾಡಿನ ಮೂಲನಿವಾಸಿ ಎಂದೇ ಹಲವರ ನಂಬಿಕೆ. ಆದರೆ ಮೆಣಸಿನಕಾಯಿಯ ಯಾವ ಜಾತಿಯೂ ಭಾರತದ್ದಲ್ಲ. ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅಲ್ಲಿನ ಜನ ಆರು ಸಾವಿರ ವರ್ಷಗಳ ಹಿಂದೆಯೇ ಅದನ್ನು ಬಳಸುತ್ತಿದ್ದರು. ಈಕ್ವೆಡಾರ್‌ನಲ್ಲಿ ದೊರೆತ ಹಳೆಯ ಪಾತ್ರೆ, ಅರೆಯುವ ಕಲ್ಲುಗಳಿಗೆ ಅಂಟಿದ್ದ ಮೆಣಸಿನಕಾಯಿಯ ಪಿಷ್ಟದ ಕಣಗಳು ಇದಕ್ಕೆ ಸಾಕ್ಷಿ. ಕರಿಮೆಣಸು ಹುಡುಕಿಕೊಂಡು ಹೊರಟು ಬೇರೆಯೇ ಖಂಡ ತಲುಪಿದ ಕೊಲಂಬಸ್, 1493ರಲ್ಲಿ ಸ್ಪೇನಿಗೆ ಮರಳುವಾಗ ಅಲ್ಲಿನ ಮೆಣಸಿನಕಾಯಿಯ ಸುದ್ದಿ ತಂದ. ಮುಂದೆ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿಯಿತು. 1510ರಲ್ಲಿ ಗೋವಾ ಅವರ ಕೈವಶವಾಗಿತ್ತು.

ಇಲ್ಲೊಂದು ಸ್ವಾರಸ್ಯವಿದೆ. ಪೋರ್ಚುಗೀಸರು ಬಂದದ್ದೇ ನಮ್ಮ ಕಾಳುಮೆಣಸಿನ ಆಸೆಗೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆದರು. ಒಂದು ಮೆಣಸನ್ನು ಕೊಳ್ಳಲು ಬಂದವರು ಇನ್ನೊಂದನ್ನು ಬಿಟ್ಟುಹೋದರು. ಬಂದ ಹೊಸಬ ಎಷ್ಟು ಬೇಗ ಇಲ್ಲಿಯವನೇ ಆಗಿಹೋದನೆಂದರೆ, 1542ರಲ್ಲಿ ಜರ್ಮನಿಯ ಸಸ್ಯತಜ್ಞ ಲಿಯೊನ್‌ಹಾರ್ಟ್ ಫುಕ್ಸ್ ತನ್ನ ಗ್ರಂಥದಲ್ಲಿ ಮೆಣಸಿನಕಾಯಿಯನ್ನು ‘ಕಲ್ಲಿಕೋಟೆಯ ಮೆಣಸು’ ಎಂದು ಕರೆದ. ಅದು ಭಾರತದಿಂದ ಬಂದ ಗಿಡವೆಂದೇ ಅವನ ತಿಳಿವಳಿಕೆಯಾಗಿತ್ತು.

ಅದಕ್ಕೂ ಮೊದಲು ನಮ್ಮ ಅಡುಗೆಯಲ್ಲಿ ಖಾರ ಇರಲಿಲ್ಲವೆಂದಲ್ಲ. ಕಾಳುಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆ ಆ ಕೆಲಸ ಮಾಡುತ್ತಿದ್ದವು. ಹೊಸದಾಗಿ ಬಂದ ಕಾಯಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ ಜನ ‘ಮೆಣಸಿನಕಾಯಿ’ ಎಂದರು. ಕ್ರಮೇಣ ಕೆಲವು ಕಡೆ ‘ಮೆಣಸು’ ಎಂದರೆ ಇದೇ ಎಂದಾಯಿತು. ಹೆಸರು ಕಳೆದುಕೊಂಡ ಹಳಬನಿಗೆ ಕರಿ, ಕಾಳು ಎಂಬ ವಿಶೇಷಣ ಅಂಟಿಸಬೇಕಾಯಿತು. ದಕ್ಷಿಣ ಕನ್ನಡದವರು ಮಾತ್ರ ಹಳಬನ ಮಾನ ಉಳಿಸಿದರು. ಅವರಿಗೆ ಕಾಳುಮೆಣಸು ಇಂದಿಗೂ ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆ ಮುಂಚಿ’. ಇದು ಒಳ್ಳೆಯದಾದರೆ ಇನ್ನೊಂದು ಎಂಥದು ಎಂದು ನೀವೇ ಊಹಿಸಿಕೊಳ್ಳಿ!

ಕೊಡಗಿನವರು ಇನ್ನೂ ನೇರ. ಸೂಜಿಮೆಣಸಿಗೆ ಕೊಡವ ಭಾಷೆಯಲ್ಲಿ ‘ಪರಂಗಿ ಮಾಲು’ ಎನ್ನುತ್ತಾರೆ. ಪರಂಗಿ ಎಂದರೆ ಫಿರಂಗಿಯವರು, ಯೂರೋಪಿನವರು. ಅಮೆರಿಕದಿಂದಲೇ ಬಂದ ಪಪ್ಪಾಯಿ ನಮ್ಮ ಹಳೆ ಮೈಸೂರಿನ ಕಡೆ ‘ಪರಂಗಿ ಹಣ್ಣು’ ಆದದ್ದೂ ಹೀಗೆಯೇ. ನಾಲ್ಕು ನೂರು ವರ್ಷಗಳ ಹಿಂದಿನ ವಲಸೆಯ ದಾಖಲೆ ಒಂದು ಕಾಯಿಯ ಹೆಸರಿನಲ್ಲಿ ಹೀಗೆ ಉಳಿದುಕೊಂಡಿದೆ.

ಹಡಗಿನಿಂದ ಬಂದರಿಗೆ ತಂದವರು ಪೋರ್ಚುಗೀಸರು, ಸರಿ. ಅಲ್ಲಿಂದ ಘಟ್ಟ ಹತ್ತಿಸಿ ಮನೆಮನೆಯ ಬೇಲಿಗೆ ತಲುಪಿಸಿದವರಲ್ಲಿ ಮನುಷ್ಯರ ಜೊತೆಗೆ ಹಕ್ಕಿಗಳೂ ಇದ್ದವು. ಇದು ಅರ್ಥವಾಗಬೇಕಾದರೆ ಖಾರ ಎಂದರೇನು ಎಂದು ತಿಳಿಯಬೇಕು.

ನಾಲಿಗೆಯ ಮೇಲಿನ ಸುಳ್ಳು ಬೆಂಕಿ

ನಮ್ಮ ಹಿರಿಯರು ಖಾರವನ್ನು ‘ಕಟು’ ಎಂದು ಆರು ರುಚಿಗಳಲ್ಲಿ ಒಂದಾಗಿ ಎಣಿಸಿದರು. ಶರೀರಶಾಸ್ತ್ರದ ಪ್ರಕಾರ ಮೆಣಸಿನಕಾಯಿಯ ಖಾರ ರುಚಿಯೇ ಅಲ್ಲ, ಅದೊಂದು ನೋವು. ಕ್ಯಾಪ್ಸೈಸಿನ್ ಮತ್ತು ಅದರ ದಾಯಾದಿ ವಸ್ತುಗಳು ಇದಕ್ಕೆ ಕಾರಣ. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗಿದಾಗ ತೆರೆದುಕೊಳ್ಳುವ ಬಾಗಿಲಿನಂಥ ಪ್ರೋಟೀನು ಇದೆ. ಕ್ಯಾಪ್ಸೈಸಿನ್ ಕಳ್ಳಕೀಲಿ ಹಾಕಿ ಆ ಬಾಗಿಲು ತೆರೆಯುತ್ತದೆ. ಬಾಯಿಗೆ ಬೆಂಕಿ ಬಿದ್ದಿದೆ ಎಂದು ಮಿದುಳಿಗೆ ಸುದ್ದಿ ಹೋಗುತ್ತದೆ. ಬೆವರು, ಕಣ್ಣೀರು, ಮೂಗಿನಲ್ಲಿ ನೀರು ಎಲ್ಲವೂ ಆ ಸುಳ್ಳು ಬೆಂಕಿಯನ್ನು ಆರಿಸಲು ದೇಹ ಮಾಡುವ ನಿಜವಾದ ಪ್ರಯತ್ನಗಳು. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಗಿಡಕ್ಕೆ ಈ ಕಿಡಿಗೇಡಿತನ ಏಕೆ ಬೇಕಿತ್ತು? ಮೆಣಸಿನಕಾಯಿಯನ್ನು ಇಲಿ, ಹೆಗ್ಗಣಗಳು ತಿಂದರೆ ಬೀಜವನ್ನು ಅಗಿದು ಹಾಳುಮಾಡುತ್ತವೆ. ಹಕ್ಕಿಗೆ ಹಲ್ಲಿಲ್ಲ. ನುಂಗಿದ ಬೀಜ ಹಾಗೆಯೇ ಹೊರಬೀಳುತ್ತದೆ, ಅದೂ ತಾಯಿಗಿಡದಿಂದ ದೂರದಲ್ಲಿ, ಗೊಬ್ಬರ ಸಮೇತ. ಮೇಲೆ ಹೇಳಿದ ಪ್ರೋಟೀನು ಹಕ್ಕಿಗಳಲ್ಲೂ ಇದೆ. ಆದರೆ ಅದಕ್ಕೆ ಕ್ಯಾಪ್ಸೈಸಿನ್ ತಗಲುವುದಿಲ್ಲ. ಕೋಳಿಗಳಲ್ಲಿ ಇದನ್ನು 2002ರಲ್ಲಿ ತೋರಿಸಲಾಯಿತು. ನಾವು ಕಣ್ಣೀರು ಸುರಿಸಿಕೊಂಡು ತಿನ್ನುವುದನ್ನು ಪಿಕಳಾರ ಹಕ್ಕಿ ಹಣ್ಣಿನಂತೆ ನುಂಗಿ ಹಾರಿಹೋಗುತ್ತದೆ. ಅಂದರೆ ಖಾರವೆಂಬುದು ಗಿಡ ತನ್ನ ಬಾಗಿಲಿಗೆ ಹಾಕಿದ ಬೋರ್ಡು: ಹಲ್ಲಿರುವವರಿಗೆ ಪ್ರವೇಶವಿಲ್ಲ, ರೆಕ್ಕೆಯಿರುವವರು ಬನ್ನಿ. ಆ ಬೋರ್ಡು ಓದಿಯೂ ಒಳನುಗ್ಗಿದ ಹಲ್ಲಿನ ಪ್ರಾಣಿ ಮನುಷ್ಯ.

ಇನ್ನೊಂದು ಕಾರಣವೂ ಇದೆ. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಒಂದೇ ಜಾತಿಯ ಕಾಡುಮೆಣಸಿನ ಗಿಡಗಳಲ್ಲಿ ಕೆಲವು ಖಾರ, ಕೆಲವು ಸಪ್ಪೆ. ಕಾಯಿಗೆ ಕೀಟ ಚುಚ್ಚಿದ ತೂತಿನಿಂದ ಒಳಹೋಗುವ ಬೂಷ್ಟು ಬೀಜವನ್ನು ಕೊಲ್ಲುತ್ತದೆ. ಕ್ಯಾಪ್ಸೈಸಿನ್ ಆ ಬೂಷ್ಟನ್ನು ತಡೆಯುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಬೂಷ್ಟಿನ ಕಾಟ ಹೆಚ್ಚಿರುವೆಡೆ ಖಾರದ ಗಿಡಗಳೇ ಹೆಚ್ಚು.

ಜೊತೆಗೆ ಒಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿಕೊಳ್ಳೋಣ. ಖಾರ ಬೀಜದಲ್ಲಿದೆ ಎಂದು ಬಹುಮಂದಿ ಹೇಳುತ್ತಾರೆ. ಖಾರ ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಅದರ ಸಹವಾಸದಿಂದ ಬೀಜಕ್ಕೂ ಕೆಟ್ಟ ಹೆಸರು.

ಖಾರಕ್ಕೂ ಒಂದು ಅಳತೆಗೋಲು

‘ತುಂಬ ಖಾರ’ ಎಂದರೆ ಎಷ್ಟು? 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೊವಿಲ್ ಇದಕ್ಕೊಂದು ಉಪಾಯ ಹುಡುಕಿದರು. ಮೆಣಸಿನಕಾಯಿಯ ಸತ್ವವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗುವುದು, ರುಚಿ ನೋಡುವವರು ಖಾರ ತಿಳಿಯುತ್ತಿಲ್ಲ ಎನ್ನುವವರೆಗೆ. ಎಷ್ಟು ಪಟ್ಟು ತೆಳುಮಾಡಬೇಕಾಯಿತೋ ಅಷ್ಟು ಅಂಕ. ಈಗ ನಾಲಿಗೆಯ ಬದಲು ಯಂತ್ರ ಕ್ಯಾಪ್ಸೈಸಿನ್ನನ್ನೇ ಅಳೆಯುತ್ತದೆ. ಅಂಕಕ್ಕೆ ಮಾತ್ರ ಸ್ಕೊವಿಲ್ ಅವರ ಹೆಸರೇ ನಿಂತಿದೆ.

ಈ ಲೆಕ್ಕದಲ್ಲಿ ನಮ್ಮ ಬ್ಯಾಡಗಿ ಮೆಣಸಿನಕಾಯಿ ಸಾಮಾನ್ಯವಾಗಿ 8 ಸಾವಿರದಿಂದ 15 ಸಾವಿರದೊಳಗೆ ನಿಲ್ಲುತ್ತದೆ. ಅದರ ಕೀರ್ತಿಯೆಲ್ಲ ಬಣ್ಣದಲ್ಲಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಿದೆ. ಸೂಜಿಮೆಣಸಿನ ಅಂಕ 50 ಸಾವಿರದಿಂದ 1 ಲಕ್ಷದ ಆಸುಪಾಸು. ಗಾತ್ರದಲ್ಲಿ ಬ್ಯಾಡಗಿಯ ಹತ್ತನೆಯ ಒಂದು ಪಾಲೂ ಇಲ್ಲದ ಕಾಯಿ ಇದು!

ಸೂಜಿಮೆಣಸಿಗೂ ಮೀರಿದ ಒಂದು ನಮ್ಮ ದೇಶದಲ್ಲೇ ಇದೆ. ಅಸ್ಸಾಮಿನಲ್ಲಿ ಭೂತ್ ಜೊಲೊಕಿಯಾ, ನಾಗಾಲ್ಯಾಂಡಿನಲ್ಲಿ ರಾಜಾ ಮಿರ್ಚಾ, ಮಣಿಪುರದಲ್ಲಿ ಉಮೊರೊಕ್ ಎಂದು ಅದಕ್ಕೆ ಹೆಸರು. ಉಮೊರೊಕ್ ಎಂದರೆ ಮರಮೆಣಸು. 2000ದಲ್ಲಿ ತೇಜ್‌ಪುರದ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಅದರ ಖಾರವನ್ನು 8,55,000 ಎಂದು ಪ್ರಕಟಿಸಿದಾಗ ಹೊರದೇಶದ ಪರಿಣತರು ನಂಬಲಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ ವಿಶ್ವವಿದ್ಯಾಲಯದ ಪಾಲ್ ಬಾಸ್‌ಲ್ಯಾಂಡ್ ತಾವೇ ಬೆಳೆದು ಅಳೆದಾಗ ಬಂದದ್ದು 10,01,304. ಹತ್ತು ಲಕ್ಷದ ಗಡಿ ದಾಟಿದ ಮೊದಲ ಮೆಣಸಿನಕಾಯಿ ಎಂದು ಅದು ಗಿನ್ನೆಸ್ ದಾಖಲೆ ಸೇರಿತು. 2008ರಲ್ಲಿ ನಾಗಾ ಮಿರ್ಚಾಗೆ ಭೌಗೋಳಿಕ ಗುರುತು ಬಂತು.

ಆ ಬಳಿಕ ಪೈಪೋಟಿ ಶುರುವಾಯಿತು. ಅಮೆರಿಕದ ಎಡ್ ಕರಿ ಎಂಬ ಬೆಳೆಗಾರರ ‘ಕೆರೊಲಿನಾ ರೀಪರ್’ 2013ರಲ್ಲಿ ದಾಖಲೆ ಹಿಡಿಯಿತು. 2023ರಲ್ಲಿ ಅವರದೇ ‘ಪೆಪ್ಪರ್ ಎಕ್ಸ್’ 26,93,000 ಅಂಕ ಪಡೆಯಿತು. ಅದರ ಬೀಜವನ್ನು ಹೊರಗೆ ಬಿಡುವುದಿಲ್ಲ ಎಂದು ಅವರು ಆಗಲೇ ಹೇಳಿದರು. ಬೀಜವನ್ನು ಹಂಚುವುದಕ್ಕೆಂದೇ ಹುಟ್ಟಿದ ಖಾರದ ಕಥೆಯಲ್ಲಿ ಇದೊಂದು ವಿಚಿತ್ರ ತಿರುವು.

ಅಂಕಗಳ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಅಂಕ ತಳಿಗೆ ಶಾಶ್ವತವಾಗಿ ಅಂಟಿಕೊಂಡದ್ದಲ್ಲ. ಭೂತ್ ಜೊಲೊಕಿಯಾವನ್ನು ತೇಜ್‌ಪುರದ ತೇವದ ಹವೆಯಲ್ಲೂ ಗ್ವಾಲಿಯರ್‌ನ ಒಣ ಹವೆಯಲ್ಲೂ ಬೆಳೆದು ಹೋಲಿಸಿದಾಗ, ಗ್ವಾಲಿಯರ್‌ನ ಕಾಯಿಯ ಖಾರ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಬೀಜದ ಜೊತೆಗೆ ನೆಲ, ನೀರು, ಹವೆ ಕೂಡಿದರೆ ಮಾತ್ರ ಖಾರ. ಲಕೋಟೆಯ ಮೇಲಿನ ಅಂಕ ನೋಡಿ ದುಬಾರಿ ವಿದೇಶಿ ಬೀಜ ತರಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಹುಡುಕುವುದು ಎಲ್ಲಿ?

ಸೂಜಿಮೆಣಸನ್ನು ಹುಡುಕಬೇಕಾದರೆ ಹಕ್ಕಿಯಂತೆ ಯೋಚಿಸಬೇಕು. ತಿಂದ ಹಕ್ಕಿ ಎಲ್ಲಿ ಕೂರುತ್ತದೋ ಅದರ ಕೆಳಗೆ ಗಿಡ. ಬೇಲಿಯ ಸಾಲು, ಕಾಫಿ ತೋಟದ ನೆರಳು ಮರದ ಬುಡ, ಅಡಿಕೆ ತೋಟದ ಅಂಚು, ಹಳೆಯ ಬಚ್ಚಲ ನೀರು ಹರಿಯುವ ಜಾಗ, ವಿದ್ಯುತ್ ತಂತಿಯ ಕೆಳಗಿನ ಪೊದೆ ಇವೇ ಅದರ ವಿಳಾಸಗಳು. ಗುರುತು ಸುಲಭ. ಪೇಟೆಯ ಮೆಣಸಿನಕಾಯಿ ಕೆಳಮುಖವಾಗಿ ಜೋತಾಡುತ್ತದೆ. ಇದು ಸೂಜಿಯಂತೆ ಮೇಲ್ಮುಖವಾಗಿ ನಿಲ್ಲುತ್ತದೆ. ಹಣ್ಣಾದಾಗ ತೊಟ್ಟಿನಿಂದ ಸಲೀಸಾಗಿ ಕಳಚಿ ಬರುತ್ತದೆ, ಹಕ್ಕಿಯ ಕೊಕ್ಕಿಗೆ ಅನುಕೂಲವಾಗುವಂತೆ. ಎಳೆಯ ಕಾಯಿ ಹಸಿರು ಅಥವಾ ಬಿಳಿಚು ಬಣ್ಣ, ಹಣ್ಣು ಕೆಂಪು.

ಕೊಳ್ಳುವವರಿಗೆ ಕೊಡಗು, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ವಾರದ ಸಂತೆಗಳೇ ದಾರಿ. ದೊಡ್ಡ ತರಕಾರಿ ಅಂಗಡಿಗಳಲ್ಲಿ ಕೇಳಬೇಡಿ. ಸೊಪ್ಪು, ಲಿಂಬೆ, ಬಾಳೆಎಲೆ ಮುಂದಿಟ್ಟುಕೊಂಡು ನೆಲದ ಮೇಲೆ ಕುಳಿತ ಹೆಂಗಸರಲ್ಲಿ ಕೇಳಿ. ಕಿಲೋ ಲೆಕ್ಕದಲ್ಲಿ ಅಲ್ಲ, ಲೋಟದ ಲೆಕ್ಕದಲ್ಲಿ ಸಿಕ್ಕೀತು. ಬೆಲೆ ಕೇಳಿ ಹುಬ್ಬೇರಿಸುವ ಮೊದಲು ಒಂದು ವಿಷಯ ತಿಳಿದಿರಲಿ. ಒಂದು ಕಿಲೋ ಆಗಬೇಕಾದರೆ ಸಾವಿರಾರು ಕಾಯಿಗಳನ್ನು ಒಂದೊಂದಾಗಿ ಬಿಡಿಸಬೇಕು. ಸಂಜೆಗೆ ಬೆರಳ ತುದಿ ಉರಿಯುತ್ತಿರುತ್ತದೆ. ಬೆಂಗಳೂರಿನಲ್ಲಿ ಕೇರಳದ ಸಾಮಾನು ಮಾರುವ ಅಂಗಡಿಗಳಲ್ಲಿ ‘ಕಾಂತಾರಿ’ ಎಂಬ ಹೆಸರಿನಲ್ಲಿ ಇದು ದೊರೆಯುವುದುಂಟು. ಬೇಯಿಸಿದ ಮರಗೆಣಸಿನ ಜೊತೆ ಕಾಂತಾರಿ ಚಟ್ನಿ ಅಲ್ಲಿನವರ ಪ್ರೀತಿಯ ಜೋಡಿ. ರಾಜಾ ಮಿರ್ಚಾ ಬೇಕಾದವರು ಈಶಾನ್ಯ ರಾಜ್ಯಗಳ ಜನ ಹೆಚ್ಚಾಗಿ ನೆಲೆಸಿರುವ ಬಡಾವಣೆಗಳ ಅಂಗಡಿಗಳಲ್ಲಿ ವಿಚಾರಿಸಬಹುದು.

ಒಣಗಿದ್ದಕ್ಕಿಂತ ಹಸಿಯದೇ ಏಕೆ ಬೇಕು ಎಂದು ಕೇಳಬಹುದು. ಹಸಿ ಕಾಯಿಯ ಪರಿಮಳ ಒಣಗಿದಾಗ ಉಳಿಯುವುದಿಲ್ಲ. ಮಲೆನಾಡಿನ ಅಪ್ಪೆಹುಳಿಗೆ, ತಂಬುಳಿಗೆ ಜಜ್ಜಿ ಹಾಕಿದ ಎರಡು ಸೂಜಿಮೆಣಸು ತರುವ ಘಮವನ್ನು ಯಾವ ಪುಡಿಯೂ ತರಲಾರದು. ಬಯಲುಸೀಮೆಯವರಿಗೂ ಹಸಿಖಾರದ ಬೆಲೆ ಗೊತ್ತು. ಕೆಂಪಾದ ಹಸಿ ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿಯೊಡನೆ ಅರೆದ ಉತ್ತರ ಕರ್ನಾಟಕದ ಚಟ್ನಿಗೆ ‘ರಂಜಕ’ ಎಂದು ಹೆಸರು. ಹಿಂದೆ ತುಪಾಕಿಯ ಕಿವಿಗೆ ತುಂಬುತ್ತಿದ್ದ ಮದ್ದಿನ ಹೆಸರೂ ಅದೇ!

ಬೆಳೆಸುವ ಬಗೆ

ಇನ್ನು ಎರಡನೆಯ ಪ್ರಶ್ನೆ. ಬೇಲಿಯಲ್ಲಿ ತಾನೇ ಹುಟ್ಟುವ ಗಿಡ ನಾವು ಬಿತ್ತಿದರೆ ಮಾತ್ರ ಹುಟ್ಟುವುದಿಲ್ಲ ಎಂದು ಬೇಸರಪಡುವವರು ಅನೇಕರು. ಕಾರಣ ಅವಸರ. ಪೇಟೆಯ ಮೆಣಸಿನ ಬೀಜ ವಾರ, ಹತ್ತು ದಿನದಲ್ಲಿ ಮೊಳೆತರೆ, ಸೂಜಿಮೆಣಸು, ರಾಜಾ ಮಿರ್ಚಾ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಿಸುತ್ತವೆ. ಹದಿನೈದನೆಯ ದಿನ ಕುಂಡ ಕೆದಕಿ ನೋಡುವವರಿಗೆ ಈ ಗಿಡ ಒಲಿಯುವುದಿಲ್ಲ.

ಬೀಜಕ್ಕೆ ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣನ್ನು ಆರಿಸಿ. ಹಸಿರು ಕಾಯಿಯ ಬೀಜ ಬಲಿತಿರುವುದಿಲ್ಲ. ಬೀಜವನ್ನು ನೆರಳಿನಲ್ಲಿ ಒಣಗಿಸಿ. ಬಿತ್ತುವ ಹಿಂದಿನ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಮೊಳಕೆಗೆ 25ರಿಂದ 30 ಡಿಗ್ರಿ ಬಿಸಿ ಹಿತ. ಆದ್ದರಿಂದ ಚಳಿಗಾಲ ಕಳೆದು ಫೆಬ್ರುವರಿ, ಮಾರ್ಚಿಯಲ್ಲಿ ಬಿತ್ತಿದರೆ ಮುಂಗಾರಿನ ಹೊತ್ತಿಗೆ ಸಸಿ ನೆಡಲು ಸಿದ್ಧ. ಬೀಜವನ್ನು ಆಳಕ್ಕೆ ಹೂಳಬೇಡಿ, ಅರ್ಧ ಸೆಂಟಿಮೀಟರ್ ಸಾಕು. ಮಣ್ಣು ತೇವವಾಗಿರಲಿ, ಕೆಸರಾಗದಿರಲಿ. ನೀರು ಹೆಚ್ಚಾದರೆ ಎಳೆಯ ಸಸಿ ಬುಡ ಕೊಳೆತು ಮಲಗುತ್ತದೆ.

ಆರು ಎಲೆ ಬಂದಾಗ ಸಸಿ ಕಿತ್ತು ನೆಡಿ. ಕುಂಡವಾದರೆ ಕನಿಷ್ಠ ಹನ್ನೆರಡು ಅಂಗುಲ ಅಗಲದ್ದು, ತಳದಲ್ಲಿ ನೀರು ಬಸಿಯಲು ತೂತು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿದರೆ ಸಾಕು. ಬೆಳಗಿನ ಬಿಸಿಲು, ಮಧ್ಯಾಹ್ನದ ತೆಳು ನೆರಳು ಎರಡಕ್ಕೂ ಇಷ್ಟ. ರಾಜಾ ಮಿರ್ಚಾಗೆ ಸುಡುಬಿಸಿಲು ತಗುಲಿದರೆ ಹೂವು ಉದುರುತ್ತದೆ.

ಗೊಬ್ಬರ ಕೈಬಿಚ್ಚಿ ಹಾಕುವವರಿಗೆ ಒಂದು ಕಿವಿಮಾತು. ಸಾರಜನಕ ಹೆಚ್ಚಾದರೆ ಗಿಡ ಎಲೆ ಹೊದ್ದು ಸೊಂಪಾಗಿ ನಿಲ್ಲುತ್ತದೆ, ಕಾಯಿ ಕಡಿಮೆ. ಕಾಯಿ ಬಲಿಯುವ ಹೊತ್ತಿಗೆ ನೀರನ್ನು ತುಸು ಹಿಂದೆಗೆಯಿರಿ, ಎಲೆ ಸ್ವಲ್ಪ ಬಾಡುವಷ್ಟು, ಗಿಡ ಒಣಗುವಷ್ಟಲ್ಲ. ಸ್ವಲ್ಪ ಕಷ್ಟ ಕಂಡ ಗಿಡದ ಕಾಯಿ ಸಾಮಾನ್ಯವಾಗಿ ಹೆಚ್ಚು ಖಾರ. ಮನೆಯವರು ಮರೆತುಬಿಟ್ಟ ಬೇಲಿಯ ಗಿಡ ಅಷ್ಟು ಖಾರವಾಗಲು ಆ ಮರೆವೂ ಒಂದು ಕಾರಣ ಇದ್ದೀತು.

ಶತ್ರುಗಳಲ್ಲಿ ಮುಖ್ಯವಾದವು ಥ್ರಿಪ್ಸ್, ನುಸಿ, ಬಿಳಿನೊಣ. ಎಲೆ ದೋಣಿಯಂತೆ ಮುದುಡುವ ಮುರುಟು ರೋಗ ಇವುಗಳ ಕೊಡುಗೆ. 2021ರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನ ಹೊಲಗಳನ್ನು ಹೊರದೇಶದಿಂದ ಬಂದ ಕಪ್ಪು ಥ್ರಿಪ್ಸ್ ಹಾಳುಗೆಡವಿದ್ದು ನೆನಪಿರಬಹುದು. ನಾಲ್ಕು ಕುಂಡದ ಕೈತೋಟಕ್ಕೆ ಎಲೆಯ ಅಡಿಭಾಗವನ್ನು ದಿನವೂ ನೋಡುವ ಕಣ್ಣು, ಬೇವಿನೆಣ್ಣೆ, ರೋಗ ಹಿಡಿದ ಗಿಡವನ್ನು ಕಿತ್ತೊಗೆಯುವ ಗಟ್ಟಿ ಮನಸ್ಸು ಸಾಕು. ನಾಟಿ ಮಾಡಿದ ಮೂರು, ನಾಲ್ಕು ತಿಂಗಳಿಗೆ ಕಾಯಿ. ಒಂದು ಬೆಳೆ ತೆಗೆದು ಕೀಳಬೇಡಿ. ಸೂಜಿಮೆಣಸು ಬಹುವಾರ್ಷಿಕ. ಸವರಿ ಬಿಟ್ಟರೆ ಮತ್ತೆ ಚಿಗುರಿ ಕೆಲವು ವರ್ಷ ಕಾಯಿ ಕೊಡುತ್ತದೆ.

ಪಕ್ಕದ ಗಿಡದ ಪರಾಗ

‘ಬಜ್ಜಿ ಮೆಣಸಿನಕಾಯಿಯ ಪಕ್ಕ ಸೂಜಿಮೆಣಸು ನೆಟ್ಟರೆ ಖಾರ ಇಳಿಯುತ್ತದೆಯೇ?’ ಇದು ಎಲ್ಲರೂ ಕೇಳುವ ಪ್ರಶ್ನೆ. ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಕಾಯಿಯ ಸಿಪ್ಪೆ, ತಿರುಳು ಎಲ್ಲ ತಾಯಿಗಿಡದ್ದೇ. ಆದರೆ ಒಳಗಿನ ಬೀಜ ಇಬ್ಬರ ಮಗು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ಜೇನುನೊಣ ಪಕ್ಕದ ಗಿಡದ ಪರಾಗವನ್ನು ಧಾರಾಳವಾಗಿ ತಂದು ಬೆರೆಸುತ್ತದೆ. ಆ ಬೀಜ ಬಿತ್ತಿದ ಮುಂದಿನ ವರ್ಷ ನೋಡಿ, ಮೇಲ್ಮುಖದ ಕಾಯಿ ಜೋತುಬೀಳುತ್ತದೆ, ಖಾರ ಇಳಿಯುತ್ತದೆ. ಎಲ್ಲರೂ ಮಣ್ಣನ್ನು ದೂರುತ್ತಾರೆ.

ಪರಿಹಾರ ಸರಳ. ಬೀಜಕ್ಕೆಂದು ಒಂದು ಕೊಂಬೆ ಮೀಸಲಿಡಿ. ಮೊಗ್ಗು ಅರಳುವ ಮುನ್ನ ಅದಕ್ಕೆ ತೆಳು ಬಟ್ಟೆಯ ಚೀಲ ಕಟ್ಟಿ. ಹೂ ಅರಳಿದಾಗ ಕೊಂಬೆಯನ್ನು ಮೆಲ್ಲನೆ ತಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು, ಆ ಕಾಯಿಗಳ ತೊಟ್ಟಿಗೆ ಬಣ್ಣದ ದಾರ ಕಟ್ಟಿ. ದಾರ ಕಟ್ಟಿದ ಹಣ್ಣನ್ನು ಅಡುಗೆಮನೆಗೆ ಒಯ್ಯಬಾರದು ಎಂದು ಮನೆಮಂದಿಗೆಲ್ಲ ಹೇಳಿಡಿ. ಒಣಗಿದ ಬೀಜವನ್ನು ಗಾಜಿನ ಸೀಸೆಯಲ್ಲಿ ಹಾಕಿ ತಂಪಾದ ಜಾಗದಲ್ಲಿಟ್ಟರೆ ಎರಡು, ಮೂರು ವರ್ಷ ಬಾಳಿಕೆ.

ಬೇಲಿ ಹೋದರೆ

ಒಂದು ಪುಟ್ಟ ಕಾಯಿಗೆ ಇಷ್ಟೆಲ್ಲ ಉಪಚಾರವೇಕೆ, ಹಕ್ಕಿ ಇದೆಯಲ್ಲ ಎನ್ನಬಹುದು. ಹಕ್ಕಿ ಇದೆ, ಬೇಲಿ ಎಲ್ಲಿದೆ? ಹಸಿರು ಬೇಲಿಯ ಜಾಗಕ್ಕೆ ಕಲ್ಲಿನ ಕಂಬ, ಮುಳ್ಳುತಂತಿ ಬಂದಿವೆ. ತೋಟದ ಕಳೆಗೆ ಈಗ ಕತ್ತಿಯ ಬದಲು ಕಳೆನಾಶಕದ ಪಂಪು. ಕತ್ತಿ ಹಿಡಿದವರು ಮೆಣಸಿನ ಗಿಡ ಕಂಡರೆ ಬಿಟ್ಟು ಮುಂದೆ ಹೋಗುತ್ತಿದ್ದರು, ಪಂಪು ಹಾಗೆ ಬಿಡುವುದಿಲ್ಲ. ಕಾಯಿ ಬಿಡಿಸುವ ಕೂಲಿ ಕಾಯಿಯ ಬೆಲೆಯನ್ನು ಮೀರಿದಾಗ ಗಿಡದ ಮೇಲಿನ ಅಕ್ಕರೆಯೂ ಕರಗುತ್ತದೆ.

ಇದರಿಂದ ಆಗುವ ನಷ್ಟ ನಾಲಿಗೆಗೆ ಮಾತ್ರವಲ್ಲ. ಅಂಗಡಿಯಲ್ಲಿ ಸಿಗುವ ಹೈಬ್ರಿಡ್ ಬೀಜದ ಕಾಯಿಯಿಂದ ಬೀಜ ತೆಗೆದು ಬಿತ್ತಿದರೆ ತಾಯಿಯ ಗುಣ ಹಾಗೇ ಬರುವುದಿಲ್ಲ. ಪ್ರತಿವರ್ಷ ಅಂಗಡಿಗೇ ಹೋಗಬೇಕು. ಬೇಲಿಯ ಸೂಜಿಮೆಣಸು ಯಾರ ಅಂಗಡಿಯದೂ ಅಲ್ಲ. ನಾಲ್ಕು ಶತಮಾನದಲ್ಲಿ ನಮ್ಮ ಮಳೆ, ನೆರಳು, ರೋಗಗಳಿಗೆ ಒಗ್ಗಿ ಉಳಿದ ಬೀಜ ಅದು. ಊರಿಂದೂರಿಗೆ ಅದರ ಗಾತ್ರ, ಬಣ್ಣ, ಘಾಟು ಬೇರೆ. ಒಂದು ಊರಿನ ಬೇಲಿ ಬೋಳಾದರೆ ಆ ಊರಿನ ಬಗೆ ಹೋದಂತೆಯೇ. ಬೇಕೆಂದಾಗ ಮತ್ತೆ ತರಿಸಿಕೊಳ್ಳಲು ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಭೌಗೋಳಿಕ ಗುರುತು ಹೆಸರನ್ನು ಕಾಯುತ್ತದೆ. ಬೀಜವನ್ನು ಕಾಯುವುದು ಬಿತ್ತುವವರ ಕೈ. ಇದಕ್ಕೆ ಕಾನೂನಿನ ಬಲವೂ ಇದೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಬ್ರಾಂಡಿನ ಹೆಸರು ಹಾಕದೆ ಮಾರಲೂಬಹುದು. ತಮ್ಮ ತಳಿಯನ್ನು ನೋಂದಾಯಿಸಲೂ ಅವಕಾಶವಿದೆ.

ಕೊನೆಗೆ ಎಚ್ಚರಿಕೆಯ ನಾಲ್ಕು ಮಾತು. ಇಂಥ ಕಾಯಿ ಹೆಚ್ಚುವಾಗ ಕೈಗವಸು ಹಾಕಿಕೊಳ್ಳಿ, ಇಲ್ಲವೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕಣ್ಣು ಮುಟ್ಟಬೇಡಿ. ಕೈಗೆ ತಗುಲಿದರೆ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಬಾಯಿ ಉರಿದರೆ ನೀರಿಗಿಂತ ಹಾಲು, ಮೊಸರು ಮೇಲು. ಕೊಬ್ಬು ಕರಗಿಸುತ್ತದೆ, ಆ ರೋಗಕ್ಕೆ ಮದ್ದು ಈ ರೋಗಕ್ಕೆ ಮದ್ದು ಎಂಬ ಮಾತು ಕೇಳಿ ಯಾರೂ ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ. ಎಷ್ಟು ಖಾರ ತಿನ್ನಬಲ್ಲೆ ಎಂಬ ಪಂಥವಂತೂ ಬೇಡವೇ ಬೇಡ. 2023ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಪಂಥದ ಚಿಪ್ಸ್ ತಿಂದ 14 ವರ್ಷದ ಹುಡುಗನೊಬ್ಬ ತೀರಿಕೊಂಡ. ಅವನ ಹೃದಯದಲ್ಲಿ ಮೊದಲೇ ದೋಷವಿತ್ತು, ಅದು ಮನೆಯವರಿಗೆ ಗೊತ್ತಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಅತಿ ಖಾರದ ಕಾಯಿಯ ಬಳಕೆ ಯಾವಾಗಲೂ ಒಂದೋ ಎರಡೋ. ಆ ಲೆಕ್ಕ ತಿಳಿದವರು ಮಾಡಿದ್ದು.

ಬಾಗಿಲ ಬಳಿಯ ಮೇಜಿನ ಮೇಲೆ ಸೂಜಿಮೆಣಸಿನ ಬೀಜದ ಪೊಟ್ಟಣಗಳನ್ನು ಇಟ್ಟಿದ್ದೇನೆ. ಒಂದೊಂದರಲ್ಲಿ ಇಪ್ಪತ್ತು ಬೀಜ. ಹಣ ಬೇಡ. ಬಿತ್ತಿದ ತಾರೀಕನ್ನು ಪೊಟ್ಟಣದ ಮೇಲೆ ಬರೆದಿಡಿ, ಒಂದು ತಿಂಗಳು ಕೆದಕದೆ ಕಾಯಿರಿ. ಹಣ್ಣಾದಾಗ ಮೊದಲ ಹಿಡಿಯನ್ನು ಬೀಜಕ್ಕೆ ತೆಗೆದು ಇಬ್ಬರಿಗೆ ಕೊಡಿ. ಪಿಕಳಾರ ಬಂದು ನಾಲ್ಕು ತಿಂದರೆ ಓಡಿಸಬೇಡಿ, ಅದರ ಪಾಲು ಅದಕ್ಕಿರಲಿ.